ಮಾರುವೇಷದ ಕೆಮ್ಮು

ಜಿಲ್ಲೆಯ ಕ್ಷಯರೋಗ ಅಧಿಕಾರಿಗೆ ಪೇಟೆಯ ಒಬ್ಬ ಖಾಸಗಿ ಡಾಕ್ಟರ ಮೇಲೆ ಬಹಳ ದಿನಗಳಿಂದ ಕಣ್ಣು. ಅವರ ದವಾಖಾನೆಯ ಮುಂದೆ ಕೆಮ್ಮುವವರ ಸಾಲು ಕರಗುವುದೇ ಇಲ್ಲ. ಆದರೆ ಕ್ಷಯವಿದೆಯೆಂದು ಅಲ್ಲಿಂದ ಒಬ್ಬ ರೋಗಿಯ ಹೆಸರೂ ಒಂದು ವರ್ಷದಿಂದ ಸರ್ಕಾರಕ್ಕೆ ಬಂದಿಲ್ಲ. ರೆಡ್‌ಹ್ಯಾಂಡಾಗಿ ಹಿಡಿಯಬೇಕೆಂದು ಸಾಹೇಬರು ಮಾಸಿದ ಅಂಗಿ ತೊಟ್ಟು, ತಾವೇ ರೋಗಿಯಾಗಿ ಹೋಗಿ ಕುಳಿತರು. ನಟಿಸುವ ಕಷ್ಟವೂ ಇರಲಿಲ್ಲ. ಕಚೇರಿಯ ಧೂಳಿಗೆ ಹತ್ತಿಕೊಂಡ ಕೆಮ್ಮು ಮೂರು ವಾರದಿಂದ ಜೊತೆಗೇ ಇತ್ತು.

"ಹೆಸರ?" ಡಾಕ್ಟರು ಕೇಳಿದರು.

"ಫಕೀರಪ್ಪ," ಎಂದು ಸಾಹೇಬರು ಬಾಯಿಗೆ ಬಂದದ್ದು ಹೇಳಿದರು.

ಡಾಕ್ಟರು ಟಾನಿಕ್ಕು ಬರೆಯಲಿಲ್ಲ, ಸೂಜಿ ಚುಚ್ಚಲಿಲ್ಲ, ನೇರ ಕಫ ಪರೀಕ್ಷೆಗೆ ಕಳಿಸಿದರು. ಸಾಹೇಬರಿಗೆ ತುಸು ನಿರಾಸೆಯೇ ಆಯಿತು.

ಮೂರನೆಯ ದಿನ ಡಾಕ್ಟರು ವರದಿ ನೋಡಿ, "ಕ್ಷಯ ಅದ. ಹೆದರಬ್ಯಾಡ್ರಿ, ಆರ ತಿಂಗಳ ತಪ್ಪದ ಗುಳಗಿ ತಗೊಂಡ್ರ ಆರಾಮ ಆಗ್ತೀರಿ," ಎಂದರು.

ಸಾಹೇಬರು ವರದಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ಆದರೂ ಬಂದ ಕೆಲಸ ಬಿಡಲಿಲ್ಲ. "ಸರ್ಕಾರಕ್ಕ ತಿಳಸೂದಿಲ್ಲೇನ್ರಿ?"

"ತಿಳಸಬೇಕ್ರಿ, ಕಾಯ್ದೆನ ಅದ. ಒಂದ ವರ್ಷದಿಂದ ಒಬ್ಬೊಬ್ಬ ರೋಗಿ ಸಲುವಾಗಿನೂ ಜಿಲ್ಲಾ ಕ್ಷಯರೋಗ ಅಧಿಕಾರಿಗೆ ಫೋನ್ ಹಚ್ಚೀನಿ. ಪುಣ್ಯಾತ್ಮ ಒಮ್ಮೆನೂ ಎತ್ತಿಲ್ಲ." ಡಾಕ್ಟರು ನಿಟ್ಟುಸಿರಿಟ್ಟು ಮತ್ತೆ ನಂಬರು ಒತ್ತಿದರು. "ನಿಮ್ಮ ನಸೀಬ ಹೆಂಗದ ನೋಡೂಣು."

ಫಕೀರಪ್ಪನ ಮಾಸಿದ ಅಂಗಿಯ ಜೇಬಿನಲ್ಲಿ ಫೋನು ರಿಂಗಾಗತೊಡಗಿತು.