ಬೇಗ ಬಂದವರು

ಬಾಗಿಲು ತೆರೆದವಳು ನಗುತ್ತಿದ್ದಳು. ಅಪ್ಪಿಕೊಳ್ಳಲೆಂದು ಚಾಚಿದ್ದ ಕೈಗಳನ್ನು ಏನು ಮಾಡುವುದೆಂದು ತೋಚದೆ ಟೈಲರಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಕೆಳಗಿನ ಮನೆಗೆ ನೀರು ಸೋರ್ತಾ? ಬಚ್ಚಲು ತೊಳೀತಿದ್ದೆ. ಬೈಯೋದಾದ್ರೆ ಒಳಗೆ ಬಂದು ಬೈಯಿರಿ,” ಎಂದಳು ಅವಳು, ಒದ್ದೆ ಮೊಣಕೈಯಿಂದ ಕೂದಲು ಸರಿಸಿಕೊಳ್ಳುತ್ತ. ಪೊಲೀಸ್ ಜೀಪಿನ ಡ್ರೈವರನ ಹೆಂಡತಿ. ಈ ಪೊಲೀಸ್ ಕ್ವಾರ್ಟರ್ಸಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಹಳಬಳಾಗಿದ್ದರೆ ಟೈಲರಮ್ಮನ ಹಿಂದೆ ನಿಂತಿದ್ದ ದೊಡ್ಡಕ್ಕನ ಮುಖ ಕಂಡೇ ಎಲ್ಲ ತಿಳಿಯುತ್ತಿತ್ತು. ಎದುರು ಮನೆಯ ಬಾಗಿಲು ಆಗಲೇ ಅರ್ಧ ತೆರೆದು, ದೊಡ್ಡಕ್ಕನನ್ನು ಕಂಡು, ಸದ್ದಿಲ್ಲದೆ ಮುಚ್ಚಿಕೊಂಡಿತ್ತು.

ದೊಡ್ಡಕ್ಕನ ಗಂಡನೂ ಟೈಲರಮ್ಮನ ಗಂಡನೂ ಡ್ಯೂಟಿಯಲ್ಲೇ ಸತ್ತ ಪೊಲೀಸರು. ಅಂಥ ಹೆಂಗಸರದೊಂದು ಗುಂಪಿತ್ತು. ಹೊಸದಾಗಿ ಯಾರ ಮನೆಯಲ್ಲಿ ಹಾಗಾದರೂ ಇಬ್ಬರು ಹೋಗುವುದು ರೂಢಿ. ಸುದ್ದಿ ಹೇಳುವುದು ಸಾಹೇಬರ ಕೆಲಸ. ಹೇಳಿ ಅವರು ಮೆಟ್ಟಿಲಿಳಿದ ಮೇಲೆ ಆ ಮನೆಯಲ್ಲಿ ಉಳಿಯುವುದು ಇವರ ಕೆಲಸ. ಕಂಟ್ರೋಲ್ ರೂಮಿನ ಹುಡುಗಿ ಬೆಳಿಗ್ಗೆ ಫೋನ್ ಮಾಡಿ, ಕೈ ಅಡ್ಡ ಹಿಡಿದರೂ ಲಾರಿ ನಿಲ್ಲಲಿಲ್ಲವೆಂದೂ, ಜೀಪಿನ ಡ್ರೈವರ್ ಸ್ಥಳದಲ್ಲೇ ತೀರಿಹೋದನೆಂದೂ, ಸಾಹೇಬರು ಅವನ ಮನೆಗೆ ಹೊರಟರೆಂದೂ ಹೇಳಿದ್ದಳು. ಇಬ್ಬರೂ ಬಂದು ನೋಡಿದರೆ ಕೆಳಗೆ ಜೀಪಿರಲಿಲ್ಲ. ಕೈಗೆ ಹತ್ತಿದ ಕೆಂಡ ಕೊಡವಿದಂತೆ ಸುದ್ದಿ ಹೇಳಿ ಓಡುವ ಸಾಹೇಬರೂ ಇದ್ದರು; ಈ ಸಾಹೇಬರೂ ಹಾಗೇ ಹೇಳಿ ಹೋಗಿರಬೇಕೆಂದುಕೊಂಡು ಇಬ್ಬರೂ ಮೆಟ್ಟಿಲು ಹತ್ತಿದ್ದರು. ಅಸಲಿಗೆ ಸಾಹೇಬರು ಅರ್ಧ ದಾರಿ ಬಂದು, ಮರೆತ ಟೋಪಿ ತರಲು ವಾಪಸು ಹೋಗಿದ್ದರು. ಬರಿತಲೆಯಲ್ಲಿ ಇಂಥ ಸುದ್ದಿ ಹೇಳುವಂತಿಲ್ಲ.

ಅವಳು ಬಚ್ಚಲ ನಲ್ಲಿ ನಿಲ್ಲಿಸಲು ಒಳಗೆ ಹೋದಾಗ ಟೈಲರಮ್ಮ ಪಿಸುಗುಟ್ಟಿದಳು. “ಇವಳಿಗೆ ಗೊತ್ತೇ ಇಲ್ಲ. ಹೇಳಿಬಿಡೋಣ ಅಕ್ಕ. ಇಲ್ಲಾ ಹೋಗಿಬಿಡೋಣ.”

“ಹೋದ್ರೆ ಒಬ್ಬಳೇ ಆಗ್ತಾಳೆ. ಹೇಳಿದ್ರೆ, ಸಾಯೋ ತನಕ ನಮ್ಮ ಮುಖದಲ್ಲಿ ಅದನ್ನೇ ಕಾಣ್ತಾಳೆ. ನಾಳೆಯಿಂದ ಇವಳ ಹತ್ರ ಯಾರು ಇರ್ತಾರೆ, ಸಾಹೇಬ್ರಾ?” ದೊಡ್ಡಕ್ಕ ಚಪ್ಪಲಿ ಕಳಚಿ ಒಳಗೆ ನಡೆದಳು.

ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ಮೂವರೂ ನಿಂತರು. ನೀವು ಯಾರು ಅಂತಾನೇ ಕೇಳಲಿಲ್ಲ ನೋಡಿ, ಎಂದಳು ಅವಳು. ಆ ಹೊತ್ತಿಗೆ ಹೇಳಬಹುದಾಗಿದ್ದ ನಿಜ ಒಂದೇ ಇತ್ತು. ಇವಳು ಟೈಲರ್ರು, ಎಂದಳು ದೊಡ್ಡಕ್ಕ.

ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು ಅಂತ ಅವಳು ಒಳಗೋಡಿ ಖಾಕಿ ಪ್ಯಾಂಟೊಂದನ್ನು ತಂದಳು. ಸೊಂಟ ಸ್ವಲ್ಪ ಬಿಡಿಸಿಕೊಡಬೇಕು, ನಾಡಿದ್ದು ಪರೇಡಂತೆ. “ಮದುವೇಲಿ ಕಡ್ಡಿ ಹಾಗಿದ್ರು. ಈಗ ನೋಡಿ, ಹೊಟ್ಟೆ ಮೊದಲು ಮನೆಗೆ ಬರುತ್ತೆ, ಅವರು ಆಮೇಲೆ ಬರ್ತಾರೆ.”

ಟೈಲರಮ್ಮ ಪ್ಯಾಂಟನ್ನು ತಿರುಗಿಸಿ ಒಳಹೊಲಿಗೆ ನೋಡಿದಳು. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು: ಹೊಲಿಗೆಯ ಹಿಂದೆ ಬಟ್ಟೆ ಸಾಕಷ್ಟಿತ್ತು, ಎರಡು ಬೆರಳಷ್ಟು ಸಲೀಸಾಗಿ ಬಿಡಿಸಬಹುದಿತ್ತು. ಆಗುತ್ತೆ ಎಂದುಬಿಟ್ಟಳು. ತನಗೆ ಸುದ್ದಿ ಬರುವುದಕ್ಕೆ ಮುಂಚಿನ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೆನೆಂದು ಅವಳಿಗೆ ನೆನಪಿರಲಿಲ್ಲ. ಎಷ್ಟೋ ಸಲ ಹುಡುಕಿದ್ದಳು. ಇವಳಿಗೆ ನೆನಪಿರುತ್ತದೆ. ಇವತ್ತಿನ ನೀರು, ಪ್ಯಾಂಟು, ಹೊಟ್ಟೆಯ ಮಾತು, ಎಲ್ಲವನ್ನೂ ಕಂಡ ಇಬ್ಬರು ಸಾಕ್ಷಿಗಳಿದ್ದಾರೆ.

“ನಿಮ್ಮ ಯಜಮಾನ್ರಿಗೂ ನೀವೇ ಹೊಲಿತೀರಾ?” ಎಂದು ಕೇಳಿದಳು ಅವಳು. “ಯಾವ ಸ್ಟೇಷನ್ನು ಅವರದು?”

ಪೊಲೀಸರ ಹೆಂಡತಿಯರು ಭೇಟಿಯಾದರೆ ಮೊದಲು ಕೇಳುವುದೇ ಅದು. ಟೈಲರಮ್ಮ ಪ್ಯಾಂಟಿನ ಗುಂಡಿ ಹಾಕಿದಳು, ತೆಗೆದಳು.

“ಅವರು ಈಗಿಲ್ಲ.”

ಅಯ್ಯೋ, ಎಂದಳು ಅವಳು ಮೆಲ್ಲಗೆ. ಮಾತು ತಿರುಗಿಸಲೆಂದು ದೊಡ್ಡಕ್ಕನ ಕಡೆ ನೋಡಿದಳು. “ನಿಮ್ಮ ಯಜಮಾನ್ರು?”

ದೊಡ್ಡಕ್ಕ ಇಷ್ಟು ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಕೂತೆದ್ದವಳು. ಅವಳಿಗೂ ಸುಳ್ಳು ಬಾಯಿಗೆ ಬರಲಿಲ್ಲ. “ಅವರೂ ಇಲ್ಲಮ್ಮ,” ಎಂದಳು.

ಅವಳು ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು. ನೀರು ಸೋರಿತೆಂದು ಜಗಳಕ್ಕೆ ಬಂದವರು ಇನ್ನೂ ಜಗಳ ತೆಗೆದಿರಲಿಲ್ಲ. ಬಟ್ಟೆ ಹೊಲಿಯಲು ಬಂದವರ ಕೈಯಲ್ಲಿ ಅಳತೆಯ ಟೇಪೂ ಇರಲಿಲ್ಲ. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತ ಹಾಗೆ.

ಕೆಳಗೆ ಜೀಪು ನಿಂತಿತು. ಬ್ರೇಕು ಹಾಕಿದ್ದು ಅವಳ ಗಂಡನಲ್ಲ. ಅದು ಅವಳಿಗೆ ಸದ್ದಿನಲ್ಲೇ ಗೊತ್ತಾಯಿತೆಂಬುದು ಟೈಲರಮ್ಮನಿಗೆ ಗೊತ್ತಾಯಿತು. ಬೂಟುಗಳು ಮೆಟ್ಟಿಲು ಹತ್ತತೊಡಗಿದವು. ಬಾಗಿಲು ತೆರೆದೇ ಇತ್ತು.

ಇಂಥ ಸುದ್ದಿಯನ್ನು ನಿಂತು ಕೇಳಿದವರು ಬಿದ್ದು ತಲೆ ಒಡೆದುಕೊಂಡದ್ದನ್ನು ದೊಡ್ಡಕ್ಕ ಕಂಡಿದ್ದಳು. ಪೆಟ್ಟಿಗೆಗಳ ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಅವಳ ಕಾಲ ಹಿಂದೆ ಇಟ್ಟಳು. ಅವಳ ಭುಜ ಮುಟ್ಟಿದಳು.

“ಕೂತ್ಕೊಳ್ಳಮ್ಮ.”

ಅವಳು ಭುಜ ಕೊಡವಿ ಕೈ ಬಿಡಿಸಿಕೊಂಡಳು. ಕುರ್ಚಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದಳು. ಒದ್ದೆ ನೆಲದ ಮೇಲೆ ಬರಿಗಾಲುಗಳನ್ನು ಅಗಲಿಸಿ, ಬಾಗಿಲಿಗೆ ಎದುರಾಗಿ ನಿಂತಳು.

“ನಾನು ಕೂರಲ್ಲ,” ಎಂದಳು.