ಸೌತೆಕಾಯಿಯ ಸಪ್ಪಳ

ಕೊರಿಯಾದವರ ರೀತಿ ಸೋಯಾ ಸಾಸ್, ಬೆಳ್ಳುಳ್ಳಿ, ಎಳ್ಳೆಣ್ಣೆಯಲ್ಲಿ ನೆನೆಸಿಟ್ಟ ದನದ ಮಾಂಸವನ್ನು ಕಾದ ತವೆಗೆ ಹಾಕುವ ಮೊದಲು ನನ್ನ ಕೈ ಇಂದಿಗೂ ಕಿಟಕಿ ಮುಚ್ಚುತ್ತದೆ.

ನಾನು ಚಿಕ್ಕವಳಿದ್ದಾಗ, ಬೆಂಗೇರಿಯ ಬಾಡಿಗೆ ಮನೆಯಲ್ಲಿ ಅವ್ವನೂ ಮುಚ್ಚುತ್ತಿದ್ದಳು. "ವಾಸನಿ ಹೊರಗ ಹೋತಂದ್ರ ಹಿಂದಿಂದ ನಾವೂ ಹೊರಗ ಹೋಗಬೇಕಾಗ್ತದ" ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಬೆಲ್ಲ, ಬೆಳ್ಳುಳ್ಳಿ ಸವರಿದ ದನದ ಮಾಂಸದ ತುಂಡುಗಳನ್ನು ಸುಟ್ಟು, ಬಿಸಿ ಅನ್ನದೊಂದಿಗೆ ಬಡಿಸಿದ್ದಳು. ಅಷ್ಟರಲ್ಲಿ ಮನೆ ಮಾಲೀಕರ ಮಗಳು ಬಾಗಿಲು ಬಡಿದಳು. ನನಗಿದ್ದ ಒಬ್ಬಳೇ ಗೆಳತಿ ಅವಳು.

"ಆಂಟಿ, ಆಕಿನ್ನ ಆಡಾಕ ಕಳಸ್ರಿ."

"ಮಲಗ್ಯಾಳವಾ, ನಾಳೆ ಬಾ."

ಅವ್ವ ನನ್ನ ತಾಟಿಗೆ ಸೌತೆಕಾಯಿ ಹೋಳು ಹಾಕಿ, "ಸಪ್ಪಳಾಗದಂಗ ತಿನ್ನು" ಎಂದು ಪಿಸುಗುಟ್ಟಿದಳು.

ಅಂಗಳದಲ್ಲಿ ಗೆಳತಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದ ಹೆಜ್ಜೆ ಕೇಳುತ್ತಿತ್ತು. ಹೋಳನ್ನು ಬಾಯಿಗೆ ಹಾಕಿಕೊಂಡು, ಕಚ್ಚದೆ ಹಾಗೇ ಕೂತೆ. ಅದು ಬಾಯಲ್ಲೇ ಮೆತ್ತಗಾಯಿತು.