ಪಾಳಿಗಿಟ್ಟ ಬುಟ್ಟಿ

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಸಿಕೊಂಡು ಅಮೀನಸಾಬ ವಿಜಾಪುರದಿಂದ ಬಂದಿಳಿದಾಗ, ಜೈನಾಪುರದ ಅವನ ಹಿಟ್ಟಿನ ಗಿರಣಿ ನಿಂತು ಅರ್ಧ ತಿಂಗಳಾಗಿತ್ತು. ಹೆಂಡತಿ ಆಶಾಬಿ ಮೊದಲು ನೋಡಿದ್ದು ಗಂಡನನ್ನಲ್ಲ, ಮೋಟರನ್ನು. ದಿನಾ ಸಂಜೆ ಬಸ್ಸು ನಿಲ್ಲುವಲ್ಲಿಗೆ ಹೋಗಿ ಕಾದು ಕಾದು ಅವಳಿಗೆ ಸಾಕಾಗಿತ್ತು. ಗಿರಣಿಯ ಗದ್ದಲದಲ್ಲಿ ಕೂಗಿ ಮಾತಾಡಿ ರೂಢಿಯಾದವಳಿಗೆ ಆ ಮೌನದಲ್ಲಿ ರೊಟ್ಟಿ ಗಂಟಲಿಗಿಳಿಯುತ್ತಿರಲಿಲ್ಲ.

"ಮಂದಿ ಎಲ್ಲಾ ಬಬಲೇಶ್ವರದ ಗಿರಣಿ ಹಿಡದಿರಬೇಕಲ್ಲ?" ಅಮೀನಸಾಬ ಅಳುಕುತ್ತ ಕೇಳಿದ.

"ಒಳಗ ನೋಡ್ರಿ. ಒಂದ ಬುಟ್ಟೀನೂ ಕದಲಿಲ್ಲ."

ಪಾಳಿಗಿಟ್ಟ ಬುಟ್ಟಿಗಳು ಬಟ್ಟೆ ಹೊದ್ದು ಗೋಡೆಯುದ್ದಕ್ಕೂ ಕೂತಿದ್ದವು. ಮನೆಯ ಬೀಸುವ ಕಲ್ಲಿನ ಮೇಲೆ ಹೇಗೋ ದಿನ ದೂಡುತ್ತ ಎಲ್ಲರೂ ನಮ್ಮನ್ನೇ ಕಾಯುತ್ತಿದ್ದಾರೆ ಎಂದು ಆಶಾಬಿ ನಂಬಿದ್ದಳು. ಪಾಳಿ ಬರುವ ಮುಂಚೆ ಇನ್ನೊಬ್ಬರ ಬುಟ್ಟಿಯ ಬಟ್ಟೆ ಸರಿಸಿದರೆ ಆ ಮನೆಯ ಸಿರಿ-ಬರಕತ್ತು ಹೋಗುತ್ತದೆ ಎನ್ನುವ ಊರು ಅದು. ಅವಳು ಸುತ್ತ ಕಸ ಗುಡಿಸಿದ್ದಳೇ ಹೊರತು ಒಂದನ್ನೂ ಮುಟ್ಟಿರಲಿಲ್ಲ.

ಮೋಟರು ಕೂತಿತು, ಬೆಲ್ಟು ಏರಿತು, ಕಲ್ಲು ತಿರುಗಿತು. ಆ ಸದ್ದಿಗೆ ಆಶಾಬಿಯ ಎದೆ ತುಂಬಿ ಬಂತು. ಮೊದಲ ಪಾಳಿ ನೆರೆಮನೆಯ ಕಾಳವ್ವನದು. ಆಶಾಬಿ ಬಟ್ಟೆ ತೆಗೆದಳು. ಬುಟ್ಟಿಯ ತುಂಬ ಬರೀ ಹೊಟ್ಟು. ಎರಡನೆಯದರಲ್ಲೂ ಹೊಟ್ಟು. ಮೂರನೆಯದನ್ನು ತೆಗೆಯಲು ಅವಳಿಗೆ ಧೈರ್ಯ ಸಾಲಲಿಲ್ಲ.

ಸದ್ದು ಕೇಳಿ ಓಡಿಬಂದ ಕಾಳವ್ವ ಬಾಗಿಲಲ್ಲೇ ನಿಂತುಬಿಟ್ಟಳು.

"ಕಾಳಕ್ಕಾ, ಜೋಳ ಎಲ್ಲಿ?"

"ನೀ ಸಂಜೀಕ ಬಸ್ಸಿನ ಹಾದಿ ನೋಡಾಕ ಹೋದಾಗ ಒಬ್ಬೊಬ್ಬರ ಬಂದು ಒಯ್ದೇವಿ. ಹುಡುಗರ ಹಸಿವು ನಿಮ್ಮ ಮೋಟರಿನ ದಾರಿ ಕಾಯ್ತದೇನವಾ?"

"ಮತ್ತ ಹೊಟ್ಟು ಯಾಕ ತುಂಬಿಟ್ರಿ?"

"ಬರೇ ಗೋಡಿ ನೋಡಿದ್ರ ನಿನ್ನ ಜೀವ ತಡೀತಿತ್ತೇನು?"

ಆಶಾಬಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಕಾಳವ್ವನ ಕೈ ಹಿಡಿದುಕೊಂಡು, ಕಲ್ಲಿನ ಗದ್ದಲವನ್ನು ಮೀರಿ ಕೂಗಿ ಕೇಳಿದಳು, "ಆಗಿದ್ದು ಆಗಿ ಹೋತು. ನಾಳೆ ಜೋಳ ತರ್ತಿ ಹೌದಲ್ಲ?"

ಕಾಳವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಬಬಲೇಶ್ವರದಾಗೂ ಪಾಳಿಗೆ ಬುಟ್ಟಿ ಇಟ್ಟ ಬಂದೀನವಾ. ಅದರಾಗ ಜೋಳ ಐತಿ."